ಮೂರು ಚುಕ್ಕೆಯ ಗಾಲಿ

ಗಾಲಿ ಮುಟ್ಟುವ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಿದ್ದರು.

"ಇದನ್ನ ಹಾಕಿದ ಗಾಡ್ಯಾಗ ಯಾರ ಕೂಡ್ತಾರ?"

ಹಾರೂಗೇರಿಯಿಂದ ಅಥಣಿಯ ಕಡೆಗೆ ಹೊರಟರೆ ಊರು ಮುಗಿಯುವಲ್ಲಿ ಒಂದು ತಗಡಿನ ಶೆಡ್ಡು. ಹೊರಗೆ ಬೋರ್ಡು ಇರಲಿಲ್ಲ. ತಗ್ಗಿಗೆ ಬಿದ್ದು ಸೊಟ್ಟಾದ ಕಾರಿನ ಗಾಲಿಗಳನ್ನು ನೆಟ್ಟಗೆ ಮಾಡುವುದು, ಹಳೆಯ ಗಾಲಿ ಕೊಳ್ಳಲು ಹೊರಟವರಿಗೆ ಅದು ಕೊಳ್ಳುವಂಥದ್ದೋ ಅಲ್ಲವೋ ಎಂದು ನೋಡಿ ಹೇಳುವುದು, ಇವೆರಡೇ ಅವರ ಕೆಲಸ. ಟಯರು ಮಾರುತ್ತಿರಲಿಲ್ಲ, ಪಂಕ್ಚರ್ ಹಾಕುತ್ತಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ನಮ್ಮ ರಸ್ತೆಗಳನ್ನು ಏನು ಮಾಡುತ್ತವೆಂದು ಬಲ್ಲವರಿಗೆ, ಇಷ್ಟರಿಂದಲೇ ಒಬ್ಬ ಮನುಷ್ಯನ ಸಂಸಾರ ನಡೆಯುತ್ತದೆಂಬುದು ಆಶ್ಚರ್ಯದ ಸಂಗತಿಯಲ್ಲ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಹೆಸರು ಪೇಪರಿನಲ್ಲಿ ಬರುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದಾಗ, "ಹೆಸರ ಬಂದ್ರ ಮಂದಿ ಹೆಸರ ನೋಡಿ ಬರ್ತಾರ್ರಿ. ಗಾಲಿ ಕೆಟ್ಟಾಗ ಬಂದ್ರ ಸಾಕು" ಎಂದಿದ್ದರು.

ಯಾರು ಕೂಡುತ್ತಾರೆ ಎಂಬ ಆ ಪ್ರಶ್ನೆ ಗಿರಾಕಿಗಳಿಗೆ ಸೇರುತ್ತಿರಲಿಲ್ಲ. ನನ್ನೆದುರಿಗೇ ಒಬ್ಬ ಹುರುಪಿನ ಆಸಾಮಿ, "ಗಾಲಿ ತೋರಸಾಕ ಬಂದೀನಿ ಕಾಕಾ, ಕನ್ಯಾ ನೋಡಾಕ ಬಂದಿಲ್ಲ" ಎಂದ. ಅವರು ತಲೆ ಎತ್ತಲಿಲ್ಲ. "ಕನ್ಯಾ ಆಗಿದ್ರ ಇಷ್ಟ ಕೇಳ್ತಿರಲಿಲ್ಲ ತಮ್ಮಾ. ಆಕಿ ತನ್ನ ಬಾಯಿಲೆ ತಾನ ಹೇಳ್ತಾಳ. ಇದಕ ಬಾಯಿಲ್ಲ." ಆತ ಮುಂದುವರಿದು, ಗಾಡಿಯನ್ನು ಮುಂದಿನ ತಿಂಗಳು ಮಾರುವವನಿದ್ದೇನೆ, ಅಲ್ಲಿಯತನಕ ಗಾಲಿ ತಿರುಗಿದರೆ ಸಾಕು ಎಂದುಬಿಟ್ಟ. ಅವರು ಗಾಲಿಯನ್ನು ಎಬ್ಬಿಸಿ ನಿಲ್ಲಿಸಿ ಅವನ ಕಾಲ ಬಳಿಗೆ ಉರುಳಿಸಿದರು. "ಹಂಗಾರ ತಗೊಳ್ಳಾವನ್ನ ಕರ್ಕೊಂಡ ಬಾ. ಅವಗ ತೋರಸ್ತೀನಿ."

ಇಂಥ ಮಾತುಗಳಿಂದಲೇ ಅವರ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಭಾರೀ ನಿಷ್ಠುರ, ಒಳ್ಳೆಯ ಮನುಷ್ಯ ಎಂಬುದು ಒಂದು. ಒಳ್ಳೆಯವನ ವೇಷ ಹಾಕಿದ ಕಿಲಾಡಿ ಎಂಬುದು ಇನ್ನೊಂದು. ನಾನು ಬಹಳ ದಿನ ಎರಡನೆಯದರ ಕಡೆಗಿದ್ದೆ. ಈ ಬರಹ ಅದರ ಬಗ್ಗೆ.

ನಾನು ರಾಯಬಾಗದಲ್ಲಿದ್ದುಕೊಂಡು ಒಂದು ಜಿಲ್ಲಾ ಪತ್ರಿಕೆಗೆ ವರದಿ ಮಾಡುತ್ತೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳು ನನ್ನ ಪಾಲಿಗೆ ಬಂದಿವೆ. ಹೆಂಡತಿ ಹಾರೂಗೇರಿಯ ಆಚೆಗೊಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ದಿನವೂ ಹಳೆಯ ಕಾರಿನಲ್ಲಿ ಹೋಗಿಬರುತ್ತಾಳೆ. ನಾಲ್ಕು ವರ್ಷದ ಹಿಂದೆ, ಕಬ್ಬಿನ ಒಣ ಗರಿ, ರವದಿ ಬಿದ್ದು ಮುಚ್ಚಿಹೋಗಿದ್ದ ಒಂದು ತಗ್ಗಿನಲ್ಲಿ ಆ ಕಾರಿನ ಬಲಗಡೆಯ ಎರಡೂ ಅಲಾಯ್ ಗಾಲಿಗಳ ಅಂಚು ನೆಟ್ಟಗಾಗದಷ್ಟು ಮಡಚಿ ಬಿರಿಯಿತು. ಕಂಪನಿಯ ಹೊಸ ಗಾಲಿಗಳ ಬೆಲೆ ಕೇಳಿ ಸುಮ್ಮನಾದೆವು. ನಿಪ್ಪಾಣಿಯ ಹೆದ್ದಾರಿಯ ಮಗ್ಗುಲಿಗೆ ಹಳೆಯ ಬಿಡಿಭಾಗಗಳನ್ನು ಮಾರುವ ಒಬ್ಬ ವ್ಯಾಪಾರಿಯ ಹತ್ತಿರ ನಾಲ್ಕು ಗಾಲಿಯ ಒಂದು ಸೆಟ್ ಇದೆ ಎಂದು ಗೊತ್ತಾಯಿತು. ಎರಡರ ಅಂಚು ಸ್ವಲ್ಪ ಸೊಟ್ಟ, ಮೈತುಂಬ ಹೊಸ ಬೆಳ್ಳಿಬಣ್ಣ. ಸೊಟ್ಟ ತೆಗೆಸಿದರೂ ಹೊಸದರ ಅರ್ಧಕ್ಕಿಂತ ಕಡಿಮೆಗೆ ಬರುತ್ತಿದ್ದವು.

ವ್ಯಾಪಾರಿ ಮರಾಠಿ ಬೆರೆಸಿದ ಕನ್ನಡದಲ್ಲಿ ಬಹಳ ಮರ್ಯಾದೆಯಿಂದ ಮಾತಾಡುವ ಮನುಷ್ಯ. "ಎಕದಮ್ ಒರಿಜಿನಲ್ ಮಾಲ ಸಾಹೇಬ್ರ. ಡಾಕ್ಟರ ಗಾಡೀದು. ಬೇಕಾದ್ರ ಒಯ್ರಿ, ಯಾರಿಗರ ತೋರಸ್ರಿ, ಎರಡ ದಿವಸ ಬಿಟ್ಟ ಹೇಳ್ರಿ" ಎಂದ. ನಾನು ಹಾರೂಗೇರಿಯ ಶೆಡ್ಡಿನ ಹೆಸರೆತ್ತಿದೆ. ಆತ ನಕ್ಕ. ಅಂಥ ನಗುವನ್ನು ನಾನು ತಾಲೂಕು ಕಚೇರಿಗಳಲ್ಲಿ ಸಾಕಷ್ಟು ನೋಡಿದ್ದೇನೆ.

"ತೋರಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ್ ಮಾತ ಹೇಳ್ತೀನಿ. ನಾಲ್ಕರಾಗ ಒಂದು ಕೆಟ್ಟೈತಿ ಅಂತಾನ. ಆಮ್ಯಾಲ ಅದನ್ನ ನನಗ ಕೊಡ್ರಿ, ಗುಜರಿ ಮಾಲ ಅಂತ ಭಂಗಾರ ರೇಟಿಗಿ ತಗೊಂತೀನಿ ಅಂತಾನ. ಹಂಗ ಅಂದ್ರ ನನ್ನ ಮಾತ ನೆನಸಿಕೊಳ್ರಿ. ಅವನ ಹಿತ್ತಲದಾಗ ಹೋಗಿ ನೋಡ್ರಿ, ಹಂಗ ತಗೊಂಡದ್ದ ಗುಡ್ಡೆ ಐತಿ."

ಹೇಳಿದವನಿಗೆ ಇದರಲ್ಲಿ ಲಾಭವಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಲಾಭವಿದ್ದವನು ಹೇಳಿದ್ದೆಲ್ಲ ಸುಳ್ಳಾಗಿರಬೇಕಿಲ್ಲ ಎಂದು ನನ್ನ ವೃತ್ತಿ ಕಲಿಸಿತ್ತು. ಗಾಲಿಗಳನ್ನು ಮನೆಗೆ ತಂದವನೇ ಹೆಂಡತಿಯ ಉಗುರುಬಣ್ಣದ ಬಾಟಲಿ ಕೇಳಿದೆ. ಗಾಳಿ ತುಂಬುವ ವಾಲ್ವಿನ ತೂತಿನ ಪಕ್ಕದಲ್ಲಿ, ಒಳಮೈಗೆ, ಮೊದಲನೆಯ ಗಾಲಿಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕಕ್ಕೂ ಗುರುತು ಹಾಕಿದೆ. ಹಾರೂಗೇರಿಯ ಮನುಷ್ಯ ಅದಲುಬದಲು ಮಾಡಿದರೆ ಸಿಕ್ಕಿಬೀಳಲಿ ಎಂಬುದು ಲೆಕ್ಕ.

"ನಿಮ್ಮ ಪೆನ್ನ ಇಲ್ಲೇನು?" ಎಂದಳು ಹೆಂಡತಿ.

"ಪೆನ್ನಿಂದು ಒರಸಿದ್ರ ಹೋಗ್ತೈತಿ."

"ಅದು ಖರೆ" ಎಂದು ಬಾಟಲಿ ಕೊಟ್ಟಳು. "ಅಂದ್ರ ನಿಪ್ಪಾಣಿಯಂವನ್ನೂ ನಂಬಂಗಿಲ್ಲ, ಹಾರೂಗೇರಿಯಂವನ್ನೂ ನಂಬಂಗಿಲ್ಲ. ಗಾಡಿ ಹೊಡಿಯಾಕಿ ನಾ ಇದ್ದೀನಲ್ಲ, ನನ್ನನ್ನರ ನಂಬ್ತೀರೋ ಇಲ್ಲೋ?"

ಮರುದಿನ ಇಬ್ಬರೂ ಶೆಡ್ಡಿಗೆ ಹೋದೆವು. ಅವರನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಆಗ. ಅರವತ್ತು ದಾಟಿದ, ತೆಳ್ಳಗಿನ ಮೈ. ಬಿಳಿಯ ಟೋಪಿ, ಅದರ ಮುಂದಿನ ಅಂಚಿನಲ್ಲಿ ಎರಡು ಬೆರಳಿನ ಕರಿ ಗುರುತು. ಯೋಚಿಸುವಾಗ ಟೋಪಿಯನ್ನು ಅಲ್ಲಿಯೇ ಹಿಡಿದು ಹಿಂದೆ ಸರಿಸುತ್ತಿದ್ದರು. ಚಹಾ ತರಿಸಲೇ ಎಂದೆ. ಬೇಡವೆಂದರು. "ಮೊದಲ ಕುಡದ್ರ ಕಿವಿ ಮೆತ್ತಗಾಗ್ತಾವ್ರಿ. ಹೇಳೂದ ಹೇಳಿ ಆಮ್ಯಾಲ ಕುಡೀತೀನಿ. ಆವಾಗ ನೀವ ತರಸಂಗಿಲ್ಲ, ಅದ ಬ್ಯಾರೆ."

ಯಾರು ಕೂಡುತ್ತಾರೆ ಎಂದು ಕೇಳಿದರು. ಹೆಂಡತಿ, "ನಾನ್ರಿ. ದಿನಾ" ಎಂದಳು. ಅವಳನ್ನು ಒಮ್ಮೆ ನೋಡಿ ಕೆಲಸಕ್ಕೆ ಕೂತರು. ನಾನು ಪತ್ರಿಕೆಯವನೆಂದು ತಿಳಿದ ಮೇಲೆ ಕೈ ನಿಲ್ಲಿಸದೆಯೇ ಕೇಳಿದರು: "ನಿಮ್ಮ ಪೇಪರಿನ್ಯಾಗ ಎಲ್ಲಾ ಅಪಘಾತದಾಗ ಗಾಡಿ ಹೊಡಿಯಾವಂದ ತಪ್ಪ ಇರ್ತೈತಲ್ರಿ. ಗಾಲಿ ಒಮ್ಮೀನೂ ತಪ್ಪ ಮಾಡಂಗಿಲ್ಲೇನು?"

"ಪೊಲೀಸ್ರು ಕೊಟ್ಟದ್ದ ಬರೀತೀವ್ರಿ" ಎಂದೆ.

"ಅವ್ರಿಗಿ ಯಾರ ಕೊಡ್ತಾರು?" ಎಂದು ಗಾಲಿಯನ್ನು ಮಗುಚಿದರು.

ನಾಲ್ಕನ್ನೂ ಪೆಟ್ರೋಲ್ ಬಟ್ಟೆಯಿಂದ ಒರೆಸಿದರು. ಚುಕ್ಕೆಗಳನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ, ಏನೂ ಅನ್ನಲಿಲ್ಲ. ಬಣ್ಣದ ಬಗ್ಗೆ ಮಾತ್ರ ಒಂದು ಮಾತು: "ಮನಿ ಮಾರೂಕಿಂತ ಮೊದಲ ಸುಣ್ಣಾ ಹಚ್ಚಿದಂಗ ಐತಿ." ಆಮೇಲೆ ತೊಲೆಗೆ ಕಟ್ಟಿದ ಹಗ್ಗಕ್ಕೆ ಗಾಲಿಗಳನ್ನು ಒಂದೊಂದಾಗಿ ನೇತುಹಾಕಿ ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ಬಡಿದರು. ಸಂತೆಯಲ್ಲಿ ಹೆಂಗಸರು ಗಡಿಗೆ ಬಡಿದು ನೋಡುತ್ತಾರಲ್ಲ, ಹಾಗೆ. ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದರು. ಒಂದು, ಎರಡು ಮತ್ತು ನಾಲ್ಕನೆಯವು ಗಂಟೆಯ ಹಾಗೆ ದನಿ ಎಳೆದವು. ಮೂರನೆಯದು ಬೇಗ ಸುಮ್ಮನಾಯಿತು. ಅಥವಾ ಅವರು ಅದನ್ನು ಬೇರೆ ಜಾಗದಲ್ಲಿ ಬಡಿದರು. ನನಗೆ ಆಗ ಹಾಗೆ ಅನಿಸಿತು, ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ.

ಮೂರನೆಯದರ ಕಡ್ಡಿಗಳ ಬುಡಕ್ಕೆ ಸೀಮೆಎಣ್ಣೆ ಹಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. "ಸೀಳ ಇದ್ರ ಎಣ್ಣಿ ಒಳಗ ಅಡಗಿ ಕೂತಿರ್ತೈತಿ. ಸುಣ್ಣಾ ಅದನ್ನ ಹೊರಗ ಕರೀತೈತಿ" ಎಂದರು. ಮೂವರೂ ಕೂತು ನೋಡಿದೆವು. ಒಂದು ಕಡ್ಡಿಯ ಬುಡದಲ್ಲಿ ಕೂದಲೆಳೆಯಂಥ ಕಂದು ಗೆರೆ ನಿಧಾನವಾಗಿ ಮೂಡಿತು.

"ಒಮ್ಮೆ ಬೆಸದ, ಬಣ್ಣಾ ಹಚ್ಯಾರ. ಇದನ್ನ ಹಾಕಬ್ಯಾಡ್ರಿ ಬಾಯಾರ."

ಗೆರೆಯನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಒರೆಸಿದ ಬಟ್ಟೆ ಅವರ ಕೈಯಲ್ಲಿತ್ತು, ಎಣ್ಣೆಯ ಬೆರಳೂ ಅವರದೇ. ಇನ್ನೊಮ್ಮೆ ಮಾಡಬಹುದೇ, ಈ ಸಲ ನಾನು ಒರೆಸುತ್ತೇನೆ ಎಂದೆ. ಅವರು ಟೋಪಿಯನ್ನು ಹಿಂದೆ ಸರಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಬಟ್ಟೆ ಕೊಟ್ಟು ಎದ್ದು ಹೊರಗೆ ಹೋಗಿ ನಿಂತರು, ಕೆಲಸ ಮುಗಿಯುವವರೆಗೂ ಒಳಗೆ ಬರಲಿಲ್ಲ. ಗೆರೆ ಮತ್ತೆ ಬಂತು, ಮೊದಲಿನಷ್ಟು ಕಪ್ಪಾಗಿರಲಿಲ್ಲ. ಹೆಂಡತಿ ಬಗ್ಗಿ ನೋಡಿ, "ಐತಿ" ಎಂದಳು. ನಾನು, "ಮಸುಕ ಐತಿ" ಎಂದೆ.

ಅವರು ಒಳಗೆ ಬಂದರು. "ಮೂರು ಒಯ್ರಿ. ಎರಡರದು ಅಂಚ ನಾ ನೆಟ್ಟಗ ಮಾಡಿ ಕೊಡ್ತೀನಿ. ಇದನ್ನ ಮಾತ್ರ ಇಲ್ಲೇ ಬಿಟ್ಟ ಹೋಗ್ರಿ. ಭಂಗಾರ ರೇಟ್ ಕೊಡ್ತೀನಿ."

ನಿಪ್ಪಾಣಿಯ ವ್ಯಾಪಾರಿ ಹೇಳಿದ ಮಾತು, ಅವನು ಹೇಳಿದ ಕ್ರಮದಲ್ಲಿಯೇ.

ಮೂತ್ರಕ್ಕೆ ಹೋಗುವ ನೆಪದಲ್ಲಿ ಹಿತ್ತಲಿಗೆ ಹೋದೆ. ನೀಲಿ ತಾಡಪತ್ರಿ ಮುಚ್ಚಿದ ಒಂದು ಗುಡ್ಡೆ, ಎದೆಯೆತ್ತರ. ಅಂಚಿನಿಂದ ಗಾಲಿಗಳು ಇಣುಕುತ್ತಿದ್ದವು. ತಾಡಪತ್ರಿಯ ಮೂಲೆಗೆ ಒಂದು ಕಲ್ಲು ಹೇರಿದ್ದರು. ನಾನು ಆ ಕಲ್ಲನ್ನು ಸರಿಸಲಿಲ್ಲ. ಅಷ್ಟು ಕಂಡದ್ದೇ ಸಾಕೆನಿಸಿತು. ಬೇರೆಯವರ ಕಚೇರಿಯ ಕಪಾಟುಗಳನ್ನು ತೆಗೆಸಿ ನೋಡುವ ವೃತ್ತಿಯವನು ಒಂದು ಕಲ್ಲು ಸರಿಸದೆ ಹೊರಬಂದೆ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಹೊರಬಂದು ನಾಲ್ಕೂ ಗಾಲಿಗಳನ್ನು ಕಾರಿಗೆ ಹೇರಿದೆ. ಯಾವುದೂ ಬೇಡ, ನಿಪ್ಪಾಣಿಗೆ ಮರಳಿಸುತ್ತೇನೆ ಎಂದೆ. ಅವರು ಕಾರಿನ ತನಕ ಬಂದರು. ಡಿಕ್ಕಿಯ ಮೇಲೆ ಕೈ ಇಟ್ಟು ನಿಂತರು.

"ಮೂರನೇದು ಹೊಳ್ಳಿ ಕೊಡಬ್ಯಾಡ್ರಿ. ಅಂವಾ ಅದನ್ನ ಇಟ್ಟ ಪೂಜಾ ಮಾಡಂಗಿಲ್ಲ. ನಿಮಗ ಬ್ಯಾಡಾದದ್ದು ಇನ್ನೊಬ್ರಿಗಿ ಹೋಗ್ತೈತಿ."

"ಅದು ಅವಂದ ಮಾಲರೀ. ಅವಗ ಕೊಡಬೇಕಲ್ಲ."

"ರೊಕ್ಕಾ ನಾ ಕೊಡ್ತೀನಿ ಅಂದೆ."

ಈ ಒತ್ತಾಯ ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಕೆಟ್ಟ ಗಾಲಿಗೆ ಇಷ್ಟು ಆಸೆ ಯಾರು ಪಡುತ್ತಾರೆ? ಅವರ ಕೈ ಸರಿಯುವವರೆಗೆ ಕಾದು ಡಿಕ್ಕಿ ಮುಚ್ಚಿದೆ. ಮರುದಿನ ನಿಪ್ಪಾಣಿಗೆ ಹೋಗಿ ನಾಲ್ಕನ್ನೂ ಇಳಿಸಿ, ಕೊಟ್ಟ ಮುಂಗಡ ಹಿಂದೆ ಪಡೆದೆ. ಕಾರಿಗೆ ಕಬ್ಬಿಣದ ಸಾದಾ ಗಾಲಿ ಹಾಕಿಸಿದೆ. ಎರಡೂ ಕಡೆಯ ಹೇಳಿಕೆ ಪಡೆದು, ಯಾರ ಕಡೆಗೂ ವಾಲದೆ ಪಕ್ಕಕ್ಕೆ ಸರಿದೆ ಎಂದು ಸಮಾಧಾನಪಟ್ಟುಕೊಂಡೆ. ನಮ್ಮ ವೃತ್ತಿಯಲ್ಲಿ ಇದನ್ನು ಸಮತೋಲನ ಎನ್ನುತ್ತಾರೆ.

ಆಮೇಲೆಯೂ ಅವರ ಪರಿಚಯ ಉಳಿದದ್ದು ಹೆಂಡತಿಯ ದೆಸೆಯಿಂದ. ಶಾಲೆಯಿಂದ ಬರುವಾಗ ಆಗಾಗ ನಿಲ್ಲಿಸುತ್ತಿದ್ದಳು. ಗಾಲಿಯ ನಟ್ಟುಗಳನ್ನು ಸುತ್ತಿನ ಪ್ರಕಾರ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕೆಂದು, ತಿಂಗಳಿಗೊಮ್ಮೆ ಒಳಮೈ ತೊಳೆದು ನೋಡಬೇಕೆಂದು ಅವಳಿಗೆ ಕಲಿಸಿದರು. ಒಮ್ಮೆ ಅವಳ ಕೂಡ ನಾನೂ ಇದ್ದಾಗ, ಯಡೂರಿನ ವೀರಭದ್ರನಿಗೆ ಹೊರಟ ಹೊಸ ಕಾರೊಂದು ಅಲ್ಲಿ ನಿಂತಿತ್ತು. ನಾಲ್ಕು ಗಾಲಿಗೂ ಲಿಂಬೆಹಣ್ಣು ಇಡುವುದಾಗಿ ಅದರ ಒಡೆಯ ಹೇಳಿದ. ಇವರು, "ಇಡ್ರಿ. ಆದ್ರ ಲಿಂಬಿಹಣ್ಣ ಒಡಿಯೂದು ಬ್ಯಾರೆ, ತಗ್ಗ ತಡಿಯೂದು ಬ್ಯಾರೆ" ಎಂದರು. ಅವರೂ ಪ್ರತಿ ಅಮಾವಾಸ್ಯೆಗೆ ಯಡೂರಿಗೆ ಹೋಗುತ್ತಿದ್ದರು, ಬಸ್ಸಿನಲ್ಲಿ. ಯಾರು ಕಾರಿನಲ್ಲಿ ಬಿಡುತ್ತೇನೆಂದರೂ ಹತ್ತುತ್ತಿರಲಿಲ್ಲ.

"ಗಾಲಿ ಭಾಳ ನೋಡೀನ್ರಿ. ಅದಕ್ಕ ಬಸ್ಸ ಛಲೋ."

"ಬಸ್ಸಿಂದೂ ಗಾಲಿ ಅಲ್ಲೇನ್ರಿ?" ಎಂದೆ.

"ಅವನ್ನ ನಾ ಬಡದ ನೋಡಿಲ್ಲ."

ನಾನೂ ನಕ್ಕೆ. ನಗುತ್ತಲೇ ಹಿತ್ತಲಿನ ಕಡೆ ಕಣ್ಣು ಹಾಯಿಸಿದೆ. ಗುಡ್ಡೆ ಬೆಳೆದಿತ್ತು.

ಕೊನೆಯ ಒಂದು ವರ್ಷ ಅವರು ಹೆಂಡತಿಯ ಕೈಯಲ್ಲಿ ನನಗೆ ಒಂದೇ ಮಾತು ಹೇಳಿ ಕಳಿಸುತ್ತಿದ್ದರು: "ಪೇಪರ್‌ನವ್ರದೊಂದು ಸಾಮಾನು ನನ್ನ ಕಡೆ ಐತಿ. ಬಂದ ಒಯ್ಯಾಕ ಹೇಳ್ರಿ." ನಾನು ಅಲ್ಲಿ ಏನನ್ನೂ ಮರೆತಿರಲಿಲ್ಲ. ಕಾಣಿಕೆ ಕೊಟ್ಟು ಸುದ್ದಿ ಹಾಕಿಸಿಕೊಳ್ಳುವವರು, ಜಗಳಕ್ಕೆ ಸಾಕ್ಷಿ ಬೇಕಾದವರು ಹೀಗೆಯೇ ಕರೆಯುತ್ತಾರೆ. ಹೆಂಡತಿ ಐದಾರು ಸಲ ಹೇಳಿದಳು. ಕೊನೆಗೆ, "ಏನಂತ ಅವರನ್ನ ಕೇಳಿದ್ರ, ಅವರ ಬಂದ್ರ ತೋರಸ್ತೀನಿ ಅಂತಾರ. ನೀವೂ ಹೋಗಂಗಿಲ್ಲ, ಅವರೂ ಹೇಳಂಗಿಲ್ಲ. ನನ್ನ ಪೋಸ್ಟಮನ್ ಮಾಡೀರಿ ಇಬ್ರೂ" ಎಂದು ಬೈದು ಬಿಟ್ಟುಬಿಟ್ಟಳು.

ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಮಾಡುವಾಗ ಹೆಂಡತಿ ಹೋಗಿಬಂದಳು, ನಾನು ಅಥಣಿಯ ಒಂದು ಸಭೆಯಲ್ಲಿದ್ದೆ. ಕಳೆದ ವಾರ ಅವರ ಅಳಿಯ ಫೋನ್ ಮಾಡಿದರು. ರಾಯಬಾಗದಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವವರು, ಮಗಳ ಗಂಡ. ಶೆಡ್ಡಿನ ಜಾಗ ಖಾಲಿ ಮಾಡುತ್ತಿದ್ದೇವೆ, ನಿಮ್ಮದೊಂದು ವಸ್ತು ಇದೆ, ಬಂದು ನೋಡಿ ಎಂದರು. ಉಳಿದ ಗಾಲಿಗಳನ್ನು ನನ್ನ ಮೂಲಕ ಯಾರಿಗಾದರೂ ಮಾರುವ ಆಲೋಚನೆ ಇರಬೇಕೆಂದುಕೊಂಡೇ ಹೋದೆ.

ಅಳಿಯ ಹಿತ್ತಲಿನಲ್ಲಿದ್ದರು. ತಾಡಪತ್ರಿ ತೆಗೆದಾಗಿತ್ತು. ಭಂಗಾರದವನ ಟೆಂಪೋಕ್ಕೆ ಗಾಲಿಗಳನ್ನು ಹೇರುತ್ತಿದ್ದರು. ನಾನು ಒಂದನ್ನು ಎತ್ತಿ ನೋಡಿದೆ. ಅಂಚಿನಿಂದ ಒಳಕ್ಕೆ ಗೇಣುದ್ದ ಕೊಯ್ದಿದ್ದ ಗುರುತು. ಇನ್ನೊಂದನ್ನು ಎತ್ತಿದೆ, ಅದಕ್ಕೂ. ತಳದಲ್ಲಿದ್ದವುಗಳನ್ನೂ ಎಳೆದು ನೋಡಿದೆ. ಗುಡ್ಡೆಯಲ್ಲಿದ್ದ ಪ್ರತಿಯೊಂದು ಗಾಲಿಯನ್ನೂ ಕೊಯ್ದಿಟ್ಟಿದ್ದರು. ಅವುಗಳ ಮೇಲೆ ಟಯರು ಕೂಡುವಂತಿರಲಿಲ್ಲ, ಬೆಸೆದು ಬಣ್ಣ ಹಚ್ಚಿ ಮಾರುವಂತೆಯೂ ಇರಲಿಲ್ಲ.

"ಮಾವಾರು ಕೈಲೆ ಕೊಯ್ತಿದ್ರು ನೋಡ್ರಿ, ಈ ಹ್ಯಾಕ್ಸಾ ಗರಗಸಲೆ. ಒಂದಕ್ಕ ಅರ್ಧಾ ತಾಸ" ಎಂದರು ಅಳಿಯ.

"ಯಾರಿಗೂ ಹೇಳಿರಲಿಲ್ಲಲ್ರಿ?"

"ಕೊಯ್ತಾರ ಅಂತ ಗೊತ್ತಾದ್ರ ವ್ಯಾಪಾರಸ್ಥರು ಬಂದ ಹೊಡದಾಡ್ತಿದ್ರು. ಈ ಕಡೆ ಮಂದಿ, ತಾನ ಬೆಸದ ಮಾರ್ತಾನ ಅಂತ ಅಂತಿದ್ರು. ಅನ್ನಲಿ ಅಂತಿದ್ರ ಮಾವಾರು. ಅಂದವ್ರು ಸಾಯಂಗಿಲ್ಲ, ಗಾಲಿ ಮುರದ್ರ ಸಾಯ್ತಾರ ಅಂತಿದ್ರು."

ನನ್ನ ವಸ್ತು ಒಳಗಿತ್ತು. ಅವರು ಗಾಲಿ ನೇತುಹಾಕಿ ಬಡಿಯುತ್ತಿದ್ದ ಅದೇ ಹಗ್ಗಕ್ಕೆ ಒಂದು ಗಾಲಿ ತೂಗುತ್ತಿತ್ತು. ಎರಡು ಕಡ್ಡಿ ಬುಡಕ್ಕೇ ಮುರಿದು, ಅಂಚಿನ ಒಂದು ತುಂಡು ಕಿತ್ತುಹೋಗಿತ್ತು. ಇದನ್ನು ಮಾತ್ರ ಕೊಯ್ದಿರಲಿಲ್ಲ. ಬಿಗಿತಂತಿಯಿಂದ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿತ್ತು, ಒಳಗೆ ಪೇಪರಿನ ತುಂಡು. ಗಾಲಿಯನ್ನು ತಿರುಗಿಸಿ ವಾಲ್ವಿನ ತೂತು ಹುಡುಕಿದೆ. ಅದರ ಪಕ್ಕದಲ್ಲಿ ಮೂರು ಕೆಂಪು ಚುಕ್ಕೆ.

ಪೇಪರಿನ ತುಂಡು ನಮ್ಮದೇ ಪತ್ರಿಕೆಯದು, ಕೆಳಮೂಲೆಯ ನಾಲ್ಕು ಸಾಲಿನ ಸುದ್ದಿ. ಹಾರೂಗೇರಿಯ ಬೀಗರ ಮನೆಯಿಂದ ಕಾಗವಾಡ ತಾಲೂಕಿನ ತಮ್ಮ ಊರಿಗೆ ಮರಳುತ್ತಿದ್ದ ತಾಯಿ ಮಗನ ಕಾರು ಕಬ್ಬಿನ ಹೊಲಕ್ಕೆ ಉರುಳಿದೆ, ತಾಯಿಯ ಸೊಂಟದ ಮೂಳೆ ಮುರಿದಿದೆ, ಚಾಲಕನ ನಿಯಂತ್ರಣ ತಪ್ಪಿ ಈ ಅಪಘಾತ ಸಂಭವಿಸಿದೆ. ಬರೆದವನ ಹೆಸರು ಇರಲಿಲ್ಲ. ಇಂಥ ಸುದ್ದಿಗೆ ಹೆಸರು ಹಾಕುವುದಿಲ್ಲ. ಬರೆದವನು ನಾನು. ಫೋನಿನಲ್ಲಿ ಕೇಳಿ, ಸ್ಥಳಕ್ಕೆ ಹೋಗದೆ, ಹತ್ತು ನಿಮಿಷದಲ್ಲಿ ಕಳಿಸಿದ್ದು.

ಉಳಿದದ್ದನ್ನು ಅಳಿಯ ಹೇಳಿದರು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಈ ಶೆಡ್ಡಿನ ತನಕ ಎಳೆದು ತಂದಿದ್ದರು. ಆ ದಿನ ಅಳಿಯನವರೂ ಇಲ್ಲಿಯೇ ಇದ್ದರು. ಮಾವ ಮುರಿದ ಗಾಲಿಯನ್ನು ಮಗುಚಿ ಬಹಳ ಹೊತ್ತು ನೋಡಿ, "ಇದು ಪೇಪರ್‌ನವ್ರ ಗಾಲಿ" ಎಂದರಂತೆ. ಚುಕ್ಕೆಗಳನ್ನು ಮಾವ ಮೊದಲ ದಿನವೇ ಕಂಡಿದ್ದರು. ಯಾರ ಮೇಲಿನ ಅನುಮಾನಕ್ಕೆ ಹಾಕಿದವೆಂದೂ ಅವರಿಗೆ ಗೊತ್ತಿತ್ತು. ಕಾರಿನ ಹುಡುಗ ದ್ರಾಕ್ಷಿ ಬೆಳೆಯುವವನು, ಗಾಲಿಗಳನ್ನು ನಿಪ್ಪಾಣಿಯಲ್ಲಿ ಕೊಂಡಿದ್ದ.

"ಅವಗ ಹೇಳಿದ್ರೇನ್ರಿ ಮಾವಾರು? ತಪ್ಪ ಅವಂದಲ್ಲ ಅಂತ?"

"ಹೇಳಿದ್ರು. ಎರಡ ಸಲ ಅವರ ಊರಿಗಿ ಹೋಗಿ ಹೇಳಿದ್ರು, ಎರಡನೇ ಸಲ ಹೋದ ವರ್ಷ. ಅಂವಾ ನಂಬಲಿಲ್ಲ. ಹಂಗಿದ್ರ ಪೇಪರಿನ್ಯಾಗ ಯಾಕ ಬರಲಿಲ್ಲ ಅಂತ ಕೇಳಿದ್ನಂತ. ಅವತ್ತಿಂದ ನಿಮಗ ಹೇಳಿ ಕಳಸಾಕತ್ತಿದ್ರು."

ಟೆಂಪೋದವನು ಬಂದು, ಅದನ್ನೂ ಹಾಕಲೇ ಎಂದು ಕೇಳಿದ. ಬೇಡವೆಂದೆ. ಅಳಿಯ ಹ್ಯಾಕ್ಸಾ ತಂದು ನನ್ನ ಕೈಗಿಟ್ಟರು. "ಒಯ್ದ ಮ್ಯಾಲ ಕೊಯ್ದ ಬಿಡ್ರಿ. ಮುರದದ್ದನ್ನೂ ಬೆಸಿಯಾವ್ರು ಅದಾರ."

ಗಾಲಿ ಹೇರಿಕೊಂಡು ರಾಯಬಾಗಕ್ಕೆ ಮರಳಲಿಲ್ಲ, ಕಾಗವಾಡದ ದಾರಿ ಹಿಡಿದೆ. ದಾರಿಯಲ್ಲಿ, ಅಭ್ಯಾಸ ಬಲದಿಂದ, ಬೇರೆ ಸಾಧ್ಯತೆಗಳನ್ನೂ ಯೋಚಿಸಿದೆ. ಆ ವ್ಯಾಪಾರಿಗೆ ಸೀಳು ಗೊತ್ತಿರದೇ ಇರಬಹುದು. ಗಾಲಿ ಮೊದಲು ಮುರಿಯದೆ ಕಾರು ಉರುಳಿದ ಮೇಲೆ ಮುರಿದಿರಬಹುದು. ಕಾರು ನಿಲ್ಲಿಸಿ ಮುರಿದ ಜಾಗವನ್ನು ಮತ್ತೆ ನೋಡಿದೆ. ಕಡ್ಡಿಯ ಬುಡದ ಅರ್ಧ ಭಾಗ ಹಳೆಯ ಕಪ್ಪು, ಅರ್ಧ ಭಾಗ ಬೆಳ್ಳಗೆ. ಕಪ್ಪು ಭಾಗ ಮುಂಚೆಯೇ ಸೀಳು ಬಿಟ್ಟಿದ್ದದ್ದು, ಬೆಳ್ಳಗಿನದು ಆ ದಿನ ಮುರಿದದ್ದು. ಸುಣ್ಣದಲ್ಲಿ ಗೆರೆ ಮೂಡಿದ ಜಾಗವೂ ಅದೇ. ನಾನು ಮಸುಕ ಐತಿ ಎಂದದ್ದು ಅದಕ್ಕೆ.

ಆ ತಾಯಿ ಮಗನ ಮನೆ ತೋಟದಲ್ಲಿತ್ತು. ಹುಡುಗನಿಗೆ ಮೂವತ್ತರ ಆಸುಪಾಸು. ಅಂಗಳದಲ್ಲಿ ಕಾರಿರಲಿಲ್ಲ, ಮೋಟಾರ್ ಸೈಕಲ್ಲೂ ಇರಲಿಲ್ಲ. ತಾಯಿ ಕೋಲೂರಿಕೊಂಡು ಬಾಗಿಲಿಗೆ ಬಂದರು. ನಾನು ಯಾರೆಂದು ಹೇಳಿದೆ. ಗಾಲಿ ಇಳಿಸಿ, ಚುಕ್ಕೆ ತೋರಿಸಿ, ನಡೆದದ್ದನ್ನು ಕ್ರಮವಾಗಿ ಹೇಳಿದೆ. ಆ ಗಾಲಿಯನ್ನು ನಿಪ್ಪಾಣಿಗೆ ಮರಳಿಸಿದವನು ನಾನು ಎಂಬುದನ್ನೂ, ಸುದ್ದಿ ಬರೆದವನು ನಾನು ಎಂಬುದನ್ನೂ ಹೇಳಿದೆ.

ತಾಯಿ ಬಗ್ಗಲಾರದೆ ಕೋಲಿನ ತುದಿಯಿಂದ ಮುರಿದ ಕಡ್ಡಿಯನ್ನು ಮುಟ್ಟಿದರು. "ನಾ ಹೇಳಾಕತ್ತಿದ್ದಿಲ್ಲೇನಪಾ" ಎಂದರು ಮಗನಿಗೆ. "ಮೊದಲ ಕೆಳಗ ಫಟ್ ಅಂತು, ಆಮ್ಯಾಲ ಗಾಡಿ ಹೊರಳ್ತು."

ಮಗ ಗಾಲಿಯ ಸುತ್ತ ಒಂದು ಸುತ್ತು ಹಾಕಿದ. ಮುಟ್ಟಲಿಲ್ಲ.

"ಹಿಂಗ ಹೇಳಾಕ ಆ ಗಾಲಿ ಅಜ್ಜಾರ ಕಡಿಂದ ಏನ ತಗೊಂಡೀರಿ?" ಎಂದು ಕೇಳಿದ.

"ಅವ್ರು ತೀರಕೊಂಡ್ರು."

ಅವನು ಗಾಲಿಯಿಂದ ಹಿಂದೆ ಸರಿದು ಕಟ್ಟೆಯ ಮೇಲೆ ಕೂತ. "ಮೂರ ವರ್ಷ ಆತ್ರಿ, ಗಾಡಿ ಮುಟ್ಟಿಲ್ಲ. ಊರಾಗ ನನ್ನ ಕಂಡ್ರ ಹುಡಗೂರು ಕೈ ತಿರುವಿ ತೋರಸ್ತಾವ, ಸ್ಟೇರಿಂಗ್ ಹಿಡದಂಗ. ಈಗ ನೀವ ಬಂದ ಹಿಂಗ ಹೇಳ್ತೀರಿ. ನಾಳೆ ಇನ್ನೊಬ್ರು ಬಂದ ಇನ್ನೊಂದ ಹೇಳ್ತಾರ. ಪೇಪರಿನ್ಯಾಗ ಹಾಕ್ರಿ. ಹಾಕಿ ತಂದ ತೋರಸ್ರಿ. ಆಮ್ಯಾಲ ನಂಬೂದು ಬಿಡೂದು ನೋಡೂನು."

ತಪ್ಪು ತಿದ್ದುಪಡಿಯ ನಾಲ್ಕು ಸಾಲು ಬರೆದು ಕಚೇರಿಗೆ ಕಳಿಸಿದೆ. ಸುದ್ದಿ ಹಳೆಯದಾಯಿತು, ಯಾರೂ ಕೇಳಿಲ್ಲ, ಈಗ ಯಾಕೆ ಎಂದರು. ಭಾನುವಾರದ ಪುರವಣಿಯಲ್ಲಿ ತೀರಿಕೊಂಡವರ ಬಗ್ಗೆ ಬರೆಯಲು ಜಾಗ ಇರುತ್ತದೆ. ಅಲ್ಲಿಗೆ ಇದನ್ನು ಬರೆದಿದ್ದೇನೆ. ಆ ಅಪಘಾತದಲ್ಲಿ ಚಾಲಕನ ತಪ್ಪಿರಲಿಲ್ಲ. ಗಾಲಿಯಲ್ಲಿ ಮುಂಚೆಯೇ ಸೀಳಿತ್ತು. ಅದನ್ನು ಹಾಕಬೇಡಿ ಎಂದು ಒಬ್ಬರು ಹೇಳಿದ್ದರು, ಕೇಳಿದವನು ನಂಬಲಿಲ್ಲ.

ಗಾಲಿ ನಮ್ಮ ಅಂಗಳದಲ್ಲಿದೆ, ಹ್ಯಾಕ್ಸಾ ಅದರ ಮೇಲಿದೆ. ಈ ಪುಟ ಅಚ್ಚಾದ ದಿನ ಒಂದು ಪ್ರತಿ ಹಿಡಿದು, ಗಾಲಿಯನ್ನೂ ಹೇರಿಕೊಂಡು ಮತ್ತೆ ಕಾಗವಾಡದ ಕಡೆಗೆ ಹೋಗಬೇಕು. ಕೊಯ್ಯುವುದು ಅವನು ಓದಿದ ಮೇಲೆ, ಅವನ ಎದುರಿಗೆ.